ಹೈ ಫ್ರೀಕ್ವೆನ್ಸಿ ಆಂಟೆನಾ ಡಿಸೈನ್: ಪದೇ ಪದೇ ಕೇಳುವ ಪ್ರಶ್ನೆಗಳು

ಆಂಟೆನಾ ಕಲಿಯುವವರು, ಅದನ್ನೇ ಕೆಲಸವಾಗಿ ಮಾಡುವವರು ಮಾತಿನ ನಡುವೆಯೋ ಪತ್ರದಲ್ಲೋ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಇಲ್ಲಿ ಹೈ ಫ್ರೀಕ್ವೆನ್ಸಿ ಎಂದರೆ ಹೆಚ್ಚುಕಡಿಮೆ 1 ಗಿಗಾಹರ್ಟ್ಸ್‌ನಿಂದ 100 ಗಿಗಾಹರ್ಟ್ಸ್‌ವರೆಗಿನ ವ್ಯಾಪ್ತಿ. ರೇಡಿಯೋ ಹವ್ಯಾಸಿಗಳ 3ರಿಂದ 30 ಮೆಗಾಹರ್ಟ್ಸ್ ಶಾರ್ಟ್‌ವೇವ್ ಬೇರೆಯೇ ಲೋಕ, ಅದನ್ನು ಇಲ್ಲಿ ಮುಟ್ಟಿಲ್ಲ.

## ಮೊದಲಿನಿಂದ ಶುರು ಮಾಡೋಣ

ಆಂಟೆನಾ ಅಂದ್ರೆ ಒಂದು ತಂತಿ ತಾನೇ? ಅದರಲ್ಲಿ ಡಿಸೈನ್ ಮಾಡೋಕೆ ಏನಿದೆ?

ತಂತಿಯೇ, ಸರಿ. ಆದರೆ ಎಷ್ಟು ಉದ್ದದ್ದು, ಅಕ್ಕಪಕ್ಕ ಏನಿದೆ, ಕರೆಂಟ್ ಎಲ್ಲಿಂದ ಒಳಗೆ ಬರುತ್ತದೆ, ಯಾವ ದಾರಿಯಲ್ಲಿ ವಾಪಸ್ ಹೋಗುತ್ತದೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಒಂದೇ ಸಮನೆ ಹರಿಯುವ ಡಿಸಿ ಕರೆಂಟ್ ಅಲೆ ಹೊರಡಿಸುವುದಿಲ್ಲ. ಕರೆಂಟ್ ಹಿಂದೆ ಮುಂದೆ ಓಲಾಡಬೇಕು. ಅಂಟಿಕೊಂಡಂತೆ ಸಾಗುವ ಎರಡು ತಂತಿಗಳಲ್ಲಿ ಕರೆಂಟ್ ಎದುರುಬದುರು ಹರಿದರೆ ಒಂದರ ಅಲೆಯನ್ನು ಇನ್ನೊಂದು ಅಳಿಸಿಹಾಕುತ್ತದೆ. ಹಾಗಾಗಿಯೇ ಅಂಥ ಜೋಡಿ ತಂತಿ ಸಿಗ್ನಲನ್ನು ದಾರಿಯಲ್ಲಿ ಚೆಲ್ಲದೆ ಒಯ್ಯುತ್ತದೆ. ಅದೇ ಜೋಡಿಯ ತುದಿಗಳನ್ನು ಬಗ್ಗಿಸಿ ಒಂದನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ಚಾಚಿದರೆ ಎರಡರಲ್ಲೂ ಕರೆಂಟ್ ಒಂದೇ ದಿಕ್ಕಿಗೆ ಬರುತ್ತದೆ. ಅಳಿಸುವುದು ನಿಂತು ಅಲೆ ಹೊರಡುತ್ತದೆ. ಡೈಪೋಲ್ ಎಂದರೆ ಇಷ್ಟೇ.

ಗಿಗಾಹರ್ಟ್ಸ್ ಮಟ್ಟಕ್ಕೆ ಬಂದಾಗ ಬೋರ್ಡು, ಬ್ಯಾಟರಿ, ಸ್ಕ್ರೂ, ಡಬ್ಬಿ, ಹಿಡಿದುಕೊಂಡ ಕೈ, ಎಲ್ಲವೂ ಆಂಟೆನಾದ ಭಾಗವೇ. ಡಿಸೈನ್ ಎಂದರೆ ಬಹುಪಾಲು ಇವುಗಳನ್ನು ಸಂಭಾಳಿಸುವುದು. ಕೆಳಗಿನ ಅರ್ಧಕ್ಕರ್ಧ ಪ್ರಶ್ನೆಗಳು ಹುಟ್ಟುವುದು ಇದನ್ನು ಮರೆತಾಗ.

ಉದ್ದ ಲೆಕ್ಕ ಹಾಕೋಕೆ ಸುಲಭದ ಸೂತ್ರ ಇದೆಯಾ?

ಇದೆ. 300ನ್ನು ಗಿಗಾಹರ್ಟ್ಸ್‌ನಿಂದ ಭಾಗಿಸಿದರೆ ತರಂಗದೂರ ಮಿಲಿಮೀಟರ್‌ನಲ್ಲಿ ಸಿಗುತ್ತದೆ. 2.4 ಗಿಗಾಹರ್ಟ್ಸ್‌ಗೆ 125 ಮಿ.ಮೀ., 28ಕ್ಕೆ 10.7 ಮಿ.ಮೀ., 60ಕ್ಕೆ 5 ಮಿ.ಮೀ. ಡೈಪೋಲ್‌ಗೆ ಅದರ ಅರ್ಧ, ಗ್ರೌಂಡ್ (ಕೆಳಗಿನ ಲೋಹದ ಹಾಳೆ) ಮೇಲೆ ಒಂಟಿ ಕಡ್ಡಿಯಾಗಿ ನಿಲ್ಲುವ ಮೋನೋಪೋಲ್‌ಗೆ ಕಾಲು ಭಾಗ. ನಿಜವಾದ ತಂತಿಗೆ ದಪ್ಪ ಇರುವುದರಿಂದ ಡೈಪೋಲನ್ನು ಅರ್ಧಕ್ಕಿಂತ ಸ್ವಲ್ಪ ಗಿಡ್ಡ, ತರಂಗದೂರದ 0.47ರಿಂದ 0.48ರಷ್ಟು ಇಡಬೇಕಾಗುತ್ತದೆ. ಮೊದಲು ಉದ್ದವಾಗಿಯೇ ಕತ್ತರಿಸಿ, ಅಳೆಯುತ್ತಾ ಟ್ರಿಮ್ ಮಾಡಿ. ಕತ್ತರಿಸಿದ್ದನ್ನು ಮತ್ತೆ ಅಂಟಿಸೋಕೆ ಆಗಲ್ಲ.

ಗೇನ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಲ್ವಾ?

ಎಲ್ಲ ಸಲವೂ ಅಲ್ಲ. ಆಂಟೆನಾ ಪವರ್ ಹುಟ್ಟಿಸುವುದಿಲ್ಲ, ಇರುವ ಪವರನ್ನು ಯಾವ ದಿಕ್ಕಿಗೆ ಎಷ್ಟು ಎಂದು ಹಂಚುತ್ತದೆ. ಒಂದು ದಿಕ್ಕಿಗೆ ಎಷ್ಟು ಹೆಚ್ಚು ಹಂಚುತ್ತದೆ ಎನ್ನುವ ಅಳತೆಯೇ ಗೇನ್. ಬಲೂನನ್ನು ಎರಡು ಕಡೆ ಒತ್ತಿದರೆ ಇನ್ನೆರಡು ಕಡೆ ಉಬ್ಬುತ್ತದಲ್ಲ, ಹಾಗೆ. ಅರ್ಧ ತರಂಗದೂರದ ಡೈಪೋಲ್‌ಗೆ 2.15 ಡಿಬಿಐ ಗೇನ್ (ಡಿಬಿ, ಅಂದರೆ ಡೆಸಿಬೆಲ್, ಎಷ್ಟು ಪಟ್ಟು ಎನ್ನುವ ಲೆಕ್ಕ: 3 ಡಿಬಿ ಎಂದರೆ ಸುಮಾರು ಎರಡು ಪಟ್ಟು, 10 ಡಿಬಿ ಎಂದರೆ ಹತ್ತು ಪಟ್ಟು; ಡಿಬಿಐ ಎಂದರೆ ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಕಾಲ್ಪನಿಕ ಆಂಟೆನಾಗೆ ಹೋಲಿಸಿದ್ದು). ಸುತ್ತಲೂ ಒಂದೇ ಸಮ ಹರಡುತ್ತದೆ, ತಲೆಯ ಮೇಲೆ ಮತ್ತು ಕಾಲ ಕೆಳಗೆ ಮಾತ್ರ ಏನೂ ಇಲ್ಲ. 9 ಡಿಬಿಐ ಕಡ್ಡಿ ಆಂಟೆನಾ ಅದೇ ಪವರನ್ನು ತೆಳ್ಳನೆಯ ತಟ್ಟೆಯ ಆಕಾರಕ್ಕೆ ತರುತ್ತದೆ. ಸಮತಟ್ಟಾದ ಬಯಲಿನಲ್ಲಿ ಅದು ಚೆನ್ನ. ಮೇಲಿನ ಮಹಡಿಯಲ್ಲಿ ಕೂತವರಿಗೆ ಅದರಿಂದ ನಷ್ಟವೇ. ಕೈಯಲ್ಲಿ ಹಿಡಿದು ಯಾವ ಕಡೆಗಾದರೂ ತಿರುಗುವ ಸಾಧನಕ್ಕೆ ಕಡಿಮೆ ಗೇನ್ ಇರುವುದೇ ಸರಿ.

ಡೇಟಾಶೀಟ್‌ನಲ್ಲಿ ಡಿಬಿಡಿ ಎಂದು ಕಂಡರೆ ಅದು ಡೈಪೋಲ್‌ಗೆ ಹೋಲಿಸಿದ ಲೆಕ್ಕ. 2.15 ಕೂಡಿಸಿದರೆ ಡಿಬಿಐ ಆಗುತ್ತದೆ.

ಫ್ರೀಕ್ವೆನ್ಸಿ ಜಾಸ್ತಿ ಆದಷ್ಟೂ ಸಿಗ್ನಲ್ ಗಾಳಿಯಲ್ಲೇ ಕರಗಿಹೋಗುತ್ತೆ ಅಂತಾರೆ. ನಿಜಾನಾ?

ಅರ್ಧ ನಿಜ, ಅರ್ಧ ತಪ್ಪು ತಿಳಿವಳಿಕೆ. ದೂರ ಹೋದಂತೆ ಸಿಗ್ನಲ್ ಎಷ್ಟು ಕಡಿಮೆಯಾಗುತ್ತದೆ ಎಂದು ಹೇಳುವ ಫ್ರೀಸ್ ಸೂತ್ರ ಹಾಕಿ ನೋಡಿ. 100 ಮೀಟರ್‌ಗೆ 2.4 ಗಿಗಾಹರ್ಟ್ಸ್‌ನಲ್ಲಿ ಸುಮಾರು 80 ಡಿಬಿ ಲಾಸ್ ಬರುತ್ತದೆ, 28 ಗಿಗಾಹರ್ಟ್ಸ್‌ನಲ್ಲಿ 101 ಡಿಬಿ. 21 ಡಿಬಿ ಎಲ್ಲಿ ಹೋಯಿತು? ಗಾಳಿ ನುಂಗಿದ್ದಲ್ಲ. ಈ ಲೆಕ್ಕ ಎರಡೂ ಫ್ರೀಕ್ವೆನ್ಸಿಗೆ ಗೇನ್ ಒಂದೇ ಎಂದು ಹಿಡಿಯುತ್ತದೆ. ಒಂದೇ ಗೇನ್ ಇಟ್ಟುಕೊಂಡು ಫ್ರೀಕ್ವೆನ್ಸಿ ಏರಿಸಿದರೆ ಆಂಟೆನಾ ಚಿಕ್ಕದಾಗುತ್ತದೆ, ಅಲೆಯನ್ನು ಹಿಡಿಯುವ ವಿಸ್ತೀರ್ಣವೂ ತರಂಗದೂರದ ವರ್ಗದಷ್ಟು ಕುಗ್ಗುತ್ತದೆ. ಕಳೆದುಹೋದದ್ದು ಆ ವಿಸ್ತೀರ್ಣ.

ಆಂಟೆನಾದ ಗಾತ್ರವನ್ನು ಎರಡೂ ಕಡೆ ಹಾಗೇ ಉಳಿಸಿಕೊಂಡರೆ ಕಥೆ ತಿರುಗುತ್ತದೆ. ಆಗ ಫ್ರೀಕ್ವೆನ್ಸಿ ಏರಿದಂತೆ ಗೇನ್ ಏರಿ, ಒಟ್ಟು ಲಾಸ್ ಕಡಿಮೆಯೇ ಆಗುತ್ತದೆ! ಮಿಲಿಮೀಟರ್ ವೇವ್‌ನಲ್ಲಿ (ತರಂಗದೂರ ಕೆಲವೇ ಮಿ.ಮೀ. ಇರುವ ಫ್ರೀಕ್ವೆನ್ಸಿಗಳಲ್ಲಿ) ನೂರಾರು ಎಲಿಮೆಂಟ್‌ಗಳ, ಅಂದರೆ ಪುಟ್ಟ ಆಂಟೆನಾಗಳ, ಅರೇ ಎಂಬ ಗುಂಪು ಕಟ್ಟುವುದರ ಹಿಂದಿನ ಲೆಕ್ಕ ಇದೇ. ಇದಕ್ಕೆ ತೆರುವ ಬೆಲೆ ಏನೆಂದರೆ ಬೀಮ್ ಸೂಜಿಯಂತೆ ಸಪೂರ ಆಗುತ್ತದೆ, ಅದನ್ನು ಗುರಿ ಇಟ್ಟು ತಿರುಗಿಸಬೇಕು.

ಗಾಳಿ ನಿಜವಾಗಿ ನುಂಗುವ ಜಾಗಗಳೂ ಇವೆ. 60 ಗಿಗಾಹರ್ಟ್ಸ್ ಹತ್ತಿರ ಆಮ್ಲಜನಕ ಕಿಲೋಮೀಟರ್‌ಗೆ ಸುಮಾರು 15 ಡಿಬಿ ಹೀರಿಕೊಳ್ಳುತ್ತದೆ. ಒಂದು ಕೋಣೆಯೊಳಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಗೋಡೆ, ಎಲೆ, ಮಳೆ, ಅಡ್ಡ ಬಂದ ಮನುಷ್ಯ, ಇವು ಅದಕ್ಕಿಂತ ದೊಡ್ಡ ತಲೆನೋವು.

ಆಂಟೆನಾನ ಅಡ್ಡ ಮಲಗಿಸಿದ್ರೆ ಸಿಗ್ನಲ್ ಬೀಳುತ್ತೆ. ಯಾಕೆ?

ಧ್ರುವೀಕರಣ, ಅಂದರೆ ಅಲೆಯ ವಿದ್ಯುತ್ ಕ್ಷೇತ್ರ ಓಲಾಡುವ ದಿಕ್ಕು, ತಪ್ಪುತ್ತದೆ. ನೆಟ್ಟಗಿನ ಆಂಟೆನಾದ ಅಲೆಯನ್ನು ನೆಟ್ಟಗಿನದೇ ಚೆನ್ನಾಗಿ ಹಿಡಿಯುತ್ತದೆ. 45 ಡಿಗ್ರಿ ವಾಲಿದರೆ 3 ಡಿಬಿ ಹೋಯಿತು. 90 ಡಿಗ್ರಿ ಆದರೆ ಪುಸ್ತಕದ ಲೆಕ್ಕದಲ್ಲಿ ಪೂರ್ತಿ ಸೊನ್ನೆ, ವಾಸ್ತವದಲ್ಲಿ ಗೋಡೆಗಳಿಂದ ಪುಟಿದು ಬಂದದ್ದು ಸ್ವಲ್ಪ ಸಿಗುತ್ತದೆ. ಸಾಧನ ಹೇಗೆ ತಿರುಗುತ್ತದೋ ಗೊತ್ತಿಲ್ಲದ ಕಡೆ ಆ ದಿಕ್ಕು ಸುತ್ತುತ್ತಾ ಸಾಗುವ ವೃತ್ತಾಕಾರದ ಧ್ರುವೀಕರಣ ಬಳಸುತ್ತಾರೆ. ಜಿಪಿಎಸ್ ಉಪಗ್ರಹಗಳು ಬಲಸುತ್ತಿನದನ್ನು ಕಳಿಸುತ್ತವೆ. ಅದು ಕಟ್ಟಡಕ್ಕೆ ಬಡಿದು ಪ್ರತಿಫಲಿಸಿದಾಗ ಹೆಚ್ಚಾಗಿ ಎಡಸುತ್ತಿನದಾಗುತ್ತದೆ. ಹಾಗಾಗಿ ಒಳ್ಳೆಯ ಜಿಪಿಎಸ್ ಆಂಟೆನಾ ಅದನ್ನು ತಾನಾಗಿಯೇ ತಳ್ಳಿಹಾಕುತ್ತದೆ. ಒಂದು ಕಡೆ ವೃತ್ತಾಕಾರ, ಇನ್ನೊಂದು ಕಡೆ ನೇರ ಇದ್ದರೆ ಯಾವ ಕೋನದಲ್ಲೂ 3 ಡಿಬಿ ನಷ್ಟ ಖಾಯಂ.

## ಬೋರ್ಡಿನ ಮೇಲೆ

ಎಲ್ಲಾ ಕಡೆ 50 ಓಮ್ ಅಂತಾರೆ. 50ರಲ್ಲಿ ಏನು ವಿಶೇಷ?

ಇಲ್ಲಿ ಓಮ್ ಎಂದರೆ ಇಂಪೆಡೆನ್ಸ್, ವೋಲ್ಟೇಜಿಗೂ ಕರೆಂಟಿಗೂ ಇರುವ ಅನುಪಾತ. ಗಾಳಿ ತುಂಬಿದ ಕೋಆಕ್ಸ್ ಕೇಬಲ್‌ನಲ್ಲಿ (ನಡುವಿನ ತಂತಿಯ ಸುತ್ತ ಲೋಹದ ಹೊದಿಕೆ ಇರುವ ಕೇಬಲ್) ಅತಿ ಹೆಚ್ಚು ಪವರ್ ಸಾಗುವುದು 30 ಓಮ್ ಹತ್ತಿರ, ಅತಿ ಕಡಿಮೆ ಲಾಸ್ 77 ಓಮ್ ಹತ್ತಿರ. 50 ಇವೆರಡರ ನಡುವಿನ ರಾಜಿ. ಆಂಟೆನಾಗೇನೂ 50ರ ಮೇಲೆ ಪ್ರೀತಿ ಇಲ್ಲ. ಡೈಪೋಲ್ 73 ಓಮ್, ಮೋನೋಪೋಲ್ ಸುಮಾರು 36. ಉಪಕರಣ, ಕೇಬಲ್, ಚಿಪ್ ಎಲ್ಲ 50ಕ್ಕೆ ಒಗ್ಗಿಕೊಂಡಿರುವುದರಿಂದ ನಾವೂ ಅದಕ್ಕೇ ಹೊಂದಿಸುತ್ತೇವೆ.

ಪ್ಯಾಚ್ ಆಂಟೆನಾದ ಅಳತೆ ಹೇಗೆ ಹಾಕೋದು? ಒಂದು ಉದಾಹರಣೆ ಕೊಡಿ.

ಪ್ಯಾಚ್ ಎಂದರೆ ಅಡಿಯಲ್ಲಿ ಗ್ರೌಂಡ್ ಇರುವ ಬೋರ್ಡಿನ ಮೇಲಿನ ಆಯತಾಕಾರದ ತಾಮ್ರದ ತುಂಡು. 2.45 ಗಿಗಾಹರ್ಟ್ಸ್‌ಗೆ, 1.6 ಮಿ.ಮೀ. ದಪ್ಪದ ಎಫ್‌ಆರ್-4 ಬೋರ್ಡ್ (ಗಾಜಿನ ನಾರು ಮತ್ತು ಎಪಾಕ್ಸಿಯ ಮಾಮೂಲಿ ಬೋರ್ಡು) ಮೇಲೆ ಮಾಡೋಣ. ಡೈಎಲೆಕ್ಟ್ರಿಕ್ ಸ್ಥಿರಾಂಕ (ಇದು ಹೆಚ್ಚಾದಷ್ಟೂ ವಸ್ತುವಿನೊಳಗೆ ತರಂಗದೂರ ಕುಗ್ಗುತ್ತದೆ) 4.4 ಇರಲಿ.

ಗಾಳಿಯಲ್ಲಿ ಅರ್ಧ ತರಂಗದೂರ 61.2 ಮಿ.ಮೀ. ಅಗಲಕ್ಕೆ ಇದನ್ನು, 2ನ್ನು 5.4ರಿಂದ ಭಾಗಿಸಿ ತೆಗೆದ ವರ್ಗಮೂಲದಿಂದ ಗುಣಿಸಿ. 37.3 ಮಿ.ಮೀ. ಬರುತ್ತದೆ. ಅಲೆಯ ಒಂದು ಭಾಗ ಬೋರ್ಡಿನೊಳಗೆ, ಒಂದು ಭಾಗ ಮೇಲಿನ ಗಾಳಿಯಲ್ಲಿ ಇರುವುದರಿಂದ ಅದಕ್ಕೆ ನಿಜವಾಗಿ ಕಾಣುವ ಸ್ಥಿರಾಂಕ 4.4 ಅಲ್ಲ, 4.08. 61.2ನ್ನು ಅದರ ವರ್ಗಮೂಲದಿಂದ ಭಾಗಿಸಿದರೆ 30.3 ಮಿ.ಮೀ. ಪ್ಯಾಚಿನ ಎರಡೂ ಅಂಚುಗಳಲ್ಲಿ ಕ್ಷೇತ್ರ ಹೊರಗೆ ಚಾಚಿಕೊಳ್ಳುತ್ತದೆ, ಪ್ರತಿ ಕಡೆ ಸುಮಾರು 0.74 ಮಿ.ಮೀ. ಅದನ್ನು ಕಳೆಯಿರಿ. ಉದ್ದ 28.8 ಮಿ.ಮೀ. ಅಂಚಿನಲ್ಲಿ ಇಂಪೆಡೆನ್ಸ್ ನೂರಾರು ಓಮ್, ನಡುವಿನಲ್ಲಿ ಸೊನ್ನೆ. 50 ಓಮ್ ಸಿಗುವ ಜಾಗ ಇವೆರಡರ ನಡುವೆ ಎಲ್ಲೋ ಇರುತ್ತದೆ. ಅಲ್ಲಿಗೆ ಸಿಗ್ನಲ್ ತರುವ ಫೀಡ್ ಲೈನನ್ನು ಪ್ಯಾಚಿನೊಳಗೆ ಸೀಳಿಕೊಂಡು ಒಯ್ಯಬೇಕು.

ಈಗ ನಿಜವಾದ ಸಮಸ್ಯೆಗೆ ಬರೋಣ. ಕೈಗೆ ಬಂದ ಬೋರ್ಡಿನ ಸ್ಥಿರಾಂಕ 4.4ರ ಬದಲು 4.2 ಇದ್ದರೆ? ಎಫ್‌ಆರ್-4ನಲ್ಲಿ ಇದು ತೀರಾ ಮಾಮೂಲು. ರೆಸೊನೆನ್ಸ್, ಅಂದರೆ ಆಂಟೆನಾ ಸಹಜವಾಗಿ ಮಿಡಿಯುವ ಫ್ರೀಕ್ವೆನ್ಸಿ, ಸುಮಾರು 55 ಮೆಗಾಹರ್ಟ್ಸ್ ಮೇಲಕ್ಕೆ ಜಾರುತ್ತದೆ. ಇಂಥ ತೆಳು ಪ್ಯಾಚಿನ ಒಟ್ಟು ಬ್ಯಾಂಡ್‌ವಿಡ್ತೇ (ಅದು ಸರಿಯಾಗಿ ಕೆಲಸ ಮಾಡುವ ಫ್ರೀಕ್ವೆನ್ಸಿಗಳ ವ್ಯಾಪ್ತಿ) ಎರಡು-ಮೂರು ಶೇಕಡಾ, ಅಂದರೆ ಹೆಚ್ಚೆಂದರೆ 70 ಮೆಗಾಹರ್ಟ್ಸ್ ಆಸುಪಾಸು. ಲೆಕ್ಕ ತಪ್ಪಿಲ್ಲದೆಯೂ ಆಂಟೆನಾ ತಪ್ಪು ಜಾಗದಲ್ಲಿ ನಿಲ್ಲುತ್ತದೆ. ಅದಕ್ಕೇ ಮೊದಲ ಬೋರ್ಡಿನಲ್ಲಿ ಒಂದೇ ಪ್ಯಾಚ್ ಹಾಕಿಸುವ ಬದಲು ಉದ್ದವನ್ನು ಅರ್ಧ ಮಿ.ಮೀ. ಹೆಚ್ಚುಕಮ್ಮಿ ಮಾಡಿದ ಮೂರ್ನಾಲ್ಕು ಪ್ಯಾಚ್ ಹಾಕಿಸಿ. ಅಳೆದು, ಆ ಬೋರ್ಡಿನ ನಿಜವಾದ ಸ್ಥಿರಾಂಕವನ್ನು ಹಿಂದಕ್ಕೆ ಲೆಕ್ಕ ಹಾಕಿಕೊಳ್ಳಬಹುದು.

ಎಫ್‌ಆರ್-4 ಎಷ್ಟು ಗಿಗಾಹರ್ಟ್ಸ್‌ವರೆಗೆ ನಡೆಯುತ್ತೆ?

ಖಚಿತ ಗೆರೆ ಎಳೆಯೋಕೆ ಬರಲ್ಲ. ಲೈನ್ ಗಿಡ್ಡ ಇದ್ದರೆ 5-6 ಗಿಗಾಹರ್ಟ್ಸ್‌ವರೆಗೆ ನಾನು ತಕರಾರು ಮಾಡುವುದಿಲ್ಲ. 28 ಗಿಗಾಹರ್ಟ್ಸ್‌ಗೆ ಬೇಡ. ಎಫ್‌ಆರ್-4ರ ಲಾಸ್ ಟ್ಯಾಂಜೆಂಟ್ (ವಸ್ತು ಎಷ್ಟು ಪವರನ್ನು ಬಿಸಿಯಾಗಿ ಕಳೆಯುತ್ತದೆ ಎನ್ನುವ ಅಳತೆ) ಸುಮಾರು 0.02. ಅಷ್ಟು ಎತ್ತರದಲ್ಲಿ ಮೈಕ್ರೋಸ್ಟ್ರಿಪ್ ಲೈನ್‌ನ (ಬೋರ್ಡಿನ ಮೇಲೆ ಸಿಗ್ನಲ್ ಒಯ್ಯುವ ತಾಮ್ರದ ಪಟ್ಟಿ) ಪ್ರತಿ ಸೆಂಟಿಮೀಟರ್‌ಗೆ ಬೋರ್ಡಿನ ವಸ್ತುವೊಂದೇ ಸುಮಾರು 1 ಡಿಬಿ ತಿನ್ನುತ್ತದೆ. ನಾಲ್ಕು ಸೆಂಟಿಮೀಟರ್ ಲೈನ್ ಎಳೆದರೆ ಅರ್ಧಕ್ಕಿಂತ ಹೆಚ್ಚು ಪವರ್ ಬಿಸಿಯಾಗಿ ಹೋಯಿತು. ಹೈ ಫ್ರೀಕ್ವೆನ್ಸಿಗೆಂದೇ ಮಾಡುವ ಬೋರ್ಡುಗಳಲ್ಲಿ ರೋಜರ್ಸ್ 4350ಬಿ ಬಳಸಿದರೆ ಟ್ಯಾಂಜೆಂಟ್ 0.0037, ಡ್ಯೂರಾಯ್ಡ್ 5880ಗೆ 0.0009.

ತಾಮ್ರದ ಬಗ್ಗೆ ಯಾರೂ ಕೇಳುವುದಿಲ್ಲ, ಕೇಳಬೇಕು. 28 ಗಿಗಾಹರ್ಟ್ಸ್‌ನಲ್ಲಿ ಕರೆಂಟ್ ತಾಮ್ರದ ಮೇಲ್ಮೈಯ ಸುಮಾರು 0.4 ಮೈಕ್ರಾನ್ ಒಳಗೇ ಹರಿಯುತ್ತದೆ. ಬೋರ್ಡಿಗೆ ಗಟ್ಟಿಯಾಗಿ ಹಿಡಿಯಲಿ ಎಂದು ತಾಮ್ರದ ಹಾಳೆಯ ಅಡಿಭಾಗವನ್ನು ಬೇಕೆಂದೇ ಒರಟು ಮಾಡಿರುತ್ತಾರೆ, ಆ ಏರಿಳಿತ ಎಷ್ಟೋ ಸಲ ಕೆಲವು ಮೈಕ್ರಾನ್. ಕರೆಂಟ್ ಅಷ್ಟನ್ನೂ ಹತ್ತಿ ಇಳಿಯಬೇಕು. ನಯವಾದ ತಾಮ್ರವನ್ನೇ ಕೇಳಿ ಪಡೆಯಿರಿ. ಚಿನ್ನದ ಲೇಪನ ಅಂದರೆ ಒಳ್ಳೆಯದೇ ಎನ್ನುವ ನಂಬಿಕೆ ಇದೆ. ಸಾಮಾನ್ಯವಾಗಿ ಹಾಕುವ ಎನಿಗ್ ಲೇಪನದಲ್ಲಿ ಚಿನ್ನದ ಅಡಿ ನಿಕ್ಕಲ್ ಪದರ ಇರುತ್ತದೆ, ಲಾಸ್ ಮಾಡುವುದು ಅದೇ. ಬೆಳ್ಳಿಯ ಲೇಪನ ವಾಸಿ.

ಚಿಪ್ ಆಂಟೆನಾ ಡೇಟಾಶೀಟ್‌ನಲ್ಲಿ ಇರೋ ಹಾಗೆ ಕೆಲಸ ಮಾಡ್ತಾ ಇಲ್ಲ. ಪೀಸ್ ಡಿಫೆಕ್ಟಾ?

ಪೀಸ್ ಸರಿಯಾಗಿಯೇ ಇರುತ್ತದೆ. ಡೇಟಾಶೀಟ್‌ನ ಅಂಕಿಗಳು ತಯಾರಕರ ಟೆಸ್ಟ್ ಬೋರ್ಡಿನವು. ಆ ಬೋರ್ಡು ಎಷ್ಟು ದೊಡ್ಡದು ಎಂದು ಮೊದಲು ನೋಡಿ. ಅಕ್ಕಿಕಾಳಿನಷ್ಟಿರುವ ಆ ಚಿಪ್ ಒಬ್ಬಂಟಿಯಾಗಿ ಏನೂ ಹೊರಸೂಸುವುದಿಲ್ಲ. ಅದು ಗ್ರೌಂಡ್ ಪ್ಲೇನ್‌ಗೆ ಕರೆಂಟ್ ತುಂಬುತ್ತದೆ, ಹೊರಸೂಸುವ ಕೆಲಸದ ಬಹುಭಾಗ ಗ್ರೌಂಡ್ ಪ್ಲೇನ್‌ನದ್ದು. ನಿಮ್ಮ ಬೋರ್ಡು 25 ಮಿ.ಮೀ. ಉದ್ದ ಇದ್ದರೆ 2.4 ಗಿಗಾಹರ್ಟ್ಸ್‌ನ ಕಾಲು ತರಂಗದೂರವಾದ 31 ಮಿ.ಮೀ.ಗಿಂತಲೂ ಕಡಿಮೆ. ಎಫಿಶಿಯೆನ್ಸಿ, ಅಂದರೆ ಕೊಟ್ಟ ಪವರಿನಲ್ಲಿ ಅಲೆಯಾಗಿ ಹೊರಡುವ ಪಾಲು, ಬೀಳಲೇಬೇಕು.

ಮೂರು ಕಡೆ ಕಣ್ಣು ಹಾಯಿಸಿ. ಚಿಪ್ ಕೆಳಗೆ ಮತ್ತು ಸುತ್ತ ಎಲ್ಲ ಲೇಯರ್‌ನಲ್ಲೂ ತಾಮ್ರ ತೆಗೆದಿದೆಯೇ? ಚಿಪ್ ಬೋರ್ಡಿನ ಅಂಚಿನಲ್ಲಿದೆಯೇ, ನಡುವೆ ಸಿಕ್ಕಿಹಾಕಿಕೊಂಡಿದೆಯೇ? ಹೊಂದಾಣಿಕೆಗೆ ಮೂರು ಬಿಡಿಭಾಗ ಕೂರುವಷ್ಟು ಪೈ (π) ಆಕಾರದ ಜಾಗ ಬಿಟ್ಟಿದ್ದೀರಾ? ಕೊನೆಯದನ್ನು ಬಿಡದಿದ್ದರೆ ಇನ್ನೊಮ್ಮೆ ಬೋರ್ಡ್ ಮಾಡಿಸಬೇಕಾಗುತ್ತದೆ.

ಇನ್ನೂ ಚಿಕ್ಕದು ಮಾಡೋಕೆ ಏನಾದ್ರೂ ಉಪಾಯ ಇದೆಯಾ?

ಉಪಾಯಗಳಿವೆ, ಬಿಟ್ಟಿ ಯಾವುದೂ ಇಲ್ಲ. ಸುತ್ತಿ ಮಡಚಬಹುದು, ಹೆಚ್ಚಿನ ಸ್ಥಿರಾಂಕದ ಸೆರಾಮಿಕ್ ಹಾಕಬಹುದು. 1947ರಲ್ಲಿ ವೀಲರ್, 1948ರಲ್ಲಿ ಚು ಎಂಬ ಎಂಜಿನಿಯರುಗಳು ತೋರಿಸಿದ ಮಿತಿ ಮಾತ್ರ ಅಲ್ಲಾಡುವುದಿಲ್ಲ. ತರಂಗದೂರಕ್ಕೆ ಹೋಲಿಸಿದರೆ ತೀರಾ ಚಿಕ್ಕದಾದ ಆಂಟೆನಾವನ್ನು ಇನ್ನೂ ಅರ್ಧ ಮಾಡಿದರೆ ಅದರ ಕ್ಯೂ (ಎಷ್ಟು ಕಿರಿದಾದ ಬ್ಯಾಂಡ್‌ಗೆ ಮಾತ್ರ ಸ್ಪಂದಿಸುತ್ತದೆ ಎನ್ನುವ ಅಳತೆ) ಸುಮಾರು ಎಂಟು ಪಟ್ಟು ಏರುತ್ತದೆ, ಬ್ಯಾಂಡ್‌ವಿಡ್ತ್ ಎಂಟನೇ ಒಂದಕ್ಕೆ ಇಳಿಯುತ್ತದೆ. ಯಾರಾದರೂ ಪುಟ್ಟ ಆಂಟೆನಾದಲ್ಲಿ ಅಗಲ ಬ್ಯಾಂಡ್ ಸಿಕ್ಕಿತು ಎಂದರೆ, ಒಳಗೆ ಎಲ್ಲೋ ಪವರ್ ಬಿಸಿಯಾಗಿ ಸೋರುತ್ತಿದೆ ಅಥವಾ ಕೇಬಲ್ಲೇ ಆಂಟೆನಾ ಆಗಿದೆ ಎಂದುಕೊಳ್ಳಿ.

ಪ್ಲಾಸ್ಟಿಕ್ ಡಬ್ಬಿ ರೇಡಿಯೋ ಅಲೆಗೆ ಏನೂ ಮಾಡಲ್ಲ ಅಲ್ವಾ?

2.4ರಲ್ಲಿ ಪ್ಲಾಸ್ಟಿಕ್ ಆಂಟೆನಾಗೆ ತೀರಾ ಹತ್ತಿರ ಇದ್ದರೆ ಟ್ಯೂನಿಂಗ್ ಸ್ವಲ್ಪ ಕೆಳಗಿಳಿಯುತ್ತದೆ, ಅಷ್ಟೆ. ಮಿಲಿಮೀಟರ್ ವೇವ್‌ನಲ್ಲಿ ಡಬ್ಬಿಯ ದಪ್ಪವೇ ಡಿಸೈನ್‌ನ ಒಂದು ಅಳತೆ. ಪ್ಲಾಸ್ಟಿಕ್ಕಿನೊಳಗಿನ ಅರ್ಧ ತರಂಗದೂರದಷ್ಟು ದಪ್ಪ ಇದ್ದರೆ ಎದುರಿನ ಮೈ ಮತ್ತು ಹಿಂದಿನ ಮೈಯಿಂದ ಬರುವ ಪ್ರತಿಫಲನಗಳು ಪರಸ್ಪರ ಅಳಿಸಿಹೋಗುತ್ತವೆ. ಎಬಿಎಸ್ ಪ್ಲಾಸ್ಟಿಕ್‌ಗೆ ಸ್ಥಿರಾಂಕ 2.8 ಎಂದಿಟ್ಟುಕೊಂಡರೆ 28 ಗಿಗಾಹರ್ಟ್ಸ್‌ಗೆ ಸುಮಾರು 3.2 ಮಿ.ಮೀ., ಕಾರಿನ ರೇಡಾರ್ ಓಡುವ 77 ಗಿಗಾಹರ್ಟ್ಸ್‌ಗೆ 1.16 ಮಿ.ಮೀ. ಅಥವಾ ಅದರ ಎರಡು ಪಟ್ಟು. ಮೆಟಾಲಿಕ್ ಬಣ್ಣ ಬಳಿದರೆ ಈ ಲೆಕ್ಕ ಕೆಡುತ್ತದೆ. ಡಬ್ಬಿ ಮಾಡುವವರ ಜೊತೆ ಮೊದಲ ವಾರವೇ ಮಾತಾಡಿ.

## ಅಳತೆ ಮತ್ತು ಟೆಸ್ಟಿಂಗ್

ಎಸ್-11 ಮೈನಸ್ 25 ಡಿಬಿ ಬಂದಿದೆ. ಆದರೂ ರೇಂಜ್ ಇಲ್ಲ. ಏನು ಸಮಸ್ಯೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಎಸ್-11 ಹೇಳುವುದು ಒಂದೇ ವಿಷಯ: ಕಳಿಸಿದ ಪವರ್‌ನಲ್ಲಿ ಎಷ್ಟು ವಾಪಸ್ ಬಂತು. ಮೈನಸ್ 10 ಎಂದರೆ ಶೇಕಡಾ 10, ಮೈನಸ್ 20 ಎಂದರೆ ಶೇಕಡಾ 1. ವಾಪಸ್ ಬರದೇ ಇದ್ದದ್ದು ಗಾಳಿಗೆ ಹೋಯಿತೋ ಬೋರ್ಡಿನಲ್ಲಿ ಬಿಸಿಯಾಯಿತೋ ಅದಕ್ಕೆ ಗೊತ್ತಿಲ್ಲ. 50 ಓಮ್ ರೆಸಿಸ್ಟರ್ ಜೋಡಿಸಿ ನೋಡಿ, ಎಸ್-11 ಅದ್ಭುತವಾಗಿ ಬರುತ್ತದೆ. ಅದು ಯಾರಿಗೂ ಸಿಗ್ನಲ್ ಕಳಿಸುವುದಿಲ್ಲ.

ಕೇಬಲ್ ಕೂಡ ಸುಳ್ಳು ಹೇಳುತ್ತದೆ. 3 ಡಿಬಿ ಲಾಸ್ ಇರುವ ಕೇಬಲ್‌ನ ಆ ತುದಿಯಲ್ಲಿ ಏನೂ ಜೋಡಿಸದಿದ್ದರೂ ಈ ತುದಿಯಲ್ಲಿ ರಿಟರ್ನ್ ಲಾಸ್ (ಮೈನಸ್ ಇಲ್ಲದೆ ಹೇಳಿದ ಎಸ್-11) 6 ಡಿಬಿ ಕಾಣುತ್ತದೆ, ಹೋಗುವಾಗ ಮೂರು, ಬರುವಾಗ ಮೂರು. ಉದ್ದ ಕೇಬಲ್ ಹಾಕಿದಷ್ಟೂ ಕೆಟ್ಟ ಆಂಟೆನಾ ಒಳ್ಳೆಯದಾಗಿ ಕಾಣುತ್ತದೆ.

ನೋಡಬೇಕಾದ್ದು ಎಫಿಶಿಯೆನ್ಸಿ. ಚೇಂಬರ್ (ಗೋಡೆಗಳಿಂದ ಅಲೆ ಪ್ರತಿಫಲಿಸದ ಅಳತೆಯ ಕೋಣೆ) ಸಿಗದಿದ್ದರೆ ವೀಲರ್ ಕ್ಯಾಪ್ ವಿಧಾನ ಇದೆ. ಚಿಕ್ಕ ಆಂಟೆನಾ ಮೇಲೆ ತವರದ ಡಬ್ಬಿಯೊಂದನ್ನು ಮುಚ್ಚಿ, ಅಂಚು ಗ್ರೌಂಡ್‌ಗೆ ಚೆನ್ನಾಗಿ ತಾಗುವಂತೆ ಒತ್ತಿ ಹಿಡಿದು ಅಳೆಯುವುದು, ಆಮೇಲೆ ತೆಗೆದು ಅಳೆಯುವುದು. ಮುಚ್ಚಿದಾಗ ಹೊರಸೂಸುವಿಕೆ ನಿಲ್ಲುತ್ತದೆ, ಉಳಿದ ರೆಸಿಸ್ಟನ್ಸ್ ಪೂರ್ತಿ ಲಾಸ್‌ನದ್ದು. ಎರಡೂ ಅಳತೆಗಳ ವ್ಯತ್ಯಾಸದಿಂದ ಎಫಿಶಿಯೆನ್ಸಿ ಸಿಗುತ್ತದೆ. ಡಬ್ಬಿ ಮುಚ್ಚಿದರೂ ಎಸ್-11 ಹೆಚ್ಚೇನೂ ಬದಲಾಗಲಿಲ್ಲ ಎಂದರೆ ರೇಂಜ್ ಯಾಕಿಲ್ಲ ಎನ್ನುವುದಕ್ಕೆ ಉತ್ತರ ಸಿಕ್ಕಿತು.

ಅಳೆಯುವಾಗ ಕೇಬಲ್ ಮುಟ್ಟಿದ್ರೆ ಗ್ರಾಫ್ ಕುಣಿಯುತ್ತೆ. ವಿಎನ್‌ಎ ಹಾಳಾಗಿದೆಯಾ?

ಇಲ್ಲ. ವಿಎನ್‌ಎ, ಅಂದರೆ ಎಸ್-11 ಅಳೆಯುವ ಮೆಷಿನ್, ಸರಿಯಾಗಿಯೇ ಇದೆ. ಕೇಬಲ್‌ನ ಹೊರಮೈ ಮೇಲೆ ಕರೆಂಟ್ ಹರಿಯುತ್ತಿದೆ, ಕೇಬಲ್ಲೂ ಆಂಟೆನಾ ಆಗಿಬಿಟ್ಟಿದೆ. ಚಿಕ್ಕ ಬೋರ್ಡುಗಳಲ್ಲಿ ಇದು ತಪ್ಪಿದ್ದಲ್ಲ, ಗ್ರೌಂಡ್ ಸಾಲದೆ ಆಂಟೆನಾ ಕೇಬಲ್ಲನ್ನೇ ಗ್ರೌಂಡ್ ಮಾಡಿಕೊಳ್ಳುತ್ತದೆ. ಕೇಬಲ್ಲನ್ನು ಬೋರ್ಡಿನಲ್ಲಿ ಕರೆಂಟ್ ಕಡಿಮೆ ಇರುವ ಜಾಗದಿಂದ ಹೊರಗೆ ತನ್ನಿ, ಬುಡದಲ್ಲೇ ಆ ಫ್ರೀಕ್ವೆನ್ಸಿಗೆ ಒಪ್ಪುವ ಫೆರೈಟ್ ಉಂಗುರ ತೊಡಿಸಿ. ಓಪನ್, ಶಾರ್ಟ್, ಲೋಡ್ ಕ್ಯಾಲಿಬ್ರೇಷನ್ ಕೇಬಲ್‌ನ ತುದಿಯಲ್ಲಿ ಮಾಡಿ, ಮೆಷಿನ್‌ನ ಬಾಯಲ್ಲಿ ಅಲ್ಲ.

ಕನೆಕ್ಟರ್ ಯಾವುದಾದ್ರೂ ನಡೆಯುತ್ತಾ?

ಎಸ್‌ಎಂಎ ಸಾಮಾನ್ಯವಾಗಿ 18 ಗಿಗಾಹರ್ಟ್ಸ್‌ವರೆಗೆ. 2.92 ಮಿ.ಮೀ.ನದು 40ರವರೆಗೆ, 2.4 ಮಿ.ಮೀ. 50ರವರೆಗೆ, 1.85 ಮಿ.ಮೀ. 67ರವರೆಗೆ, 1 ಮಿ.ಮೀ. 110ರವರೆಗೆ. ವೈಫೈ ಆಂಟೆನಾಗಳ ಆರ್‌ಪಿ-ಎಸ್‌ಎಂಎ ಬಗ್ಗೆ ಹುಷಾರು. ಹೊರಗಿನ ತಿರುಪು ಒಂದೇ, ಒಳಗಿನ ಪಿನ್ನು ಮಾತ್ರ ಅದಲುಬದಲು. ಎಸ್‌ಎಂಎ ಜೊತೆ ತಿರುಚಿದರೆ ಗಟ್ಟಿಯಾಗಿ ಕೂರುತ್ತದೆ, ಆದರೆ ನಡುವೆ ಎರಡು ತೂತು ಎದುರಾಗಿ ಏನೂ ತಾಗುವುದಿಲ್ಲ, ಇಲ್ಲವೇ ಎರಡು ಪಿನ್ನು ಡಿಕ್ಕಿ ಹೊಡೆದು ಒಂದು ಮುರಿಯುತ್ತದೆ.

ಪ್ಯಾಟರ್ನ್ ಅಳೆಯೋಕೆ ಎಷ್ಟು ದೂರ ನಿಲ್ಲಬೇಕು?

ಪ್ಯಾಟರ್ನ್ ಎಂದರೆ ಯಾವ ದಿಕ್ಕಿಗೆ ಎಷ್ಟು ಪವರ್ ಹೋಗುತ್ತದೆ ಎನ್ನುವ ಚಿತ್ರ. ಆಂಟೆನಾದ ಅತಿ ದೊಡ್ಡ ಅಳತೆಯ ವರ್ಗವನ್ನು ಎರಡರಿಂದ ಗುಣಿಸಿ, ತರಂಗದೂರದಿಂದ ಭಾಗಿಸಿ. ಕನಿಷ್ಠ ಅಷ್ಟು ದೂರ ಬೇಕು. 28 ಗಿಗಾಹರ್ಟ್ಸ್‌ನ 8×8 ಅರೇಯ ಮೂಲೆಯಿಂದ ಮೂಲೆಗೆ ಸುಮಾರು 60 ಮಿ.ಮೀ., 70 ಸೆಂ.ಮೀ. ದೂರ ಸಾಕು. 60 ಗಿಗಾಹರ್ಟ್ಸ್‌ನ 30 ಸೆಂ.ಮೀ. ಡಿಶ್‌ಗೆ 36 ಮೀಟರ್ ಬೇಕಾಗುತ್ತದೆ! ಅಷ್ಟು ದೊಡ್ಡ ಚೇಂಬರ್ ಇಲ್ಲದವರು ಹತ್ತಿರದಲ್ಲೇ ಅಳೆದು ಗಣಿತದಿಂದ ದೂರದ ಪ್ಯಾಟರ್ನ್ ಪಡೆಯುತ್ತಾರೆ.

ಸಿಮ್ಯುಲೇಷನ್ ಮಾಡಿದ ಮೇಲೆ ಅಳೆಯೋ ಅವಶ್ಯಕತೆ ಇದೆಯಾ?

ಇದೆ. ಸಿಮ್ಯುಲೇಷನ್ ಪ್ರೋಗ್ರಾಂಗಳಾದ ಎಚ್‌ಎಫ್‌ಎಸ್‌ಎಸ್, ಸಿಎಸ್‌ಟಿ, ಉಚಿತವಾಗಿ ಸಿಗುವ ಓಪನ್‌ಇಎಂಎಸ್, ತಂತಿ ಆಂಟೆನಾಗಳಿಗೆ ಹಳೆಯ ಎನ್‌ಇಸಿ-2, ಎಲ್ಲವೂ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಚೆನ್ನಾಗಿಯೇ ಬಿಡಿಸುತ್ತವೆ. ನೀವು ಹೇಳದೇ ಬಿಟ್ಟ ಸ್ಕ್ರೂ, ಬ್ಯಾಟರಿ, ಕನೆಕ್ಟರ್ ಅವಕ್ಕೆ ಗೊತ್ತಿರುವುದಿಲ್ಲ. ಕನೆಕ್ಟರನ್ನೂ ಮಾಡೆಲ್‌ಗೆ ಸೇರಿಸಿ. ಲೆಕ್ಕಕ್ಕಾಗಿ ಮಾಡೆಲನ್ನು ಚೂರು ಚೂರು ಮಾಡುವ ಮೆಶ್ ಅನ್ನು ಇನ್ನಷ್ಟು ನುಣ್ಣಗೆ ಮಾಡಿದಾಗ ಉತ್ತರ ಜರುಗಿದರೆ ಹಿಂದಿನ ಉತ್ತರವನ್ನು ನಂಬಬೇಡಿ.

## ಅರೇ ಮತ್ತು ಮಿಲಿಮೀಟರ್ ವೇವ್

ಆಂಟೆನಾ ಅಲುಗಾಡದೇ ಬೀಮ್ ತಿರುಗೋದು ಹೇಗೆ?

ಸಾಲಾಗಿ ಇಟ್ಟ ಎಲಿಮೆಂಟ್‌ಗಳಿಗೆ ಒಂದೇ ಸಿಗ್ನಲನ್ನು ಸ್ವಲ್ಪ ಸ್ವಲ್ಪ ಹಿಂದುಮುಂದಾಗಿ ಕೊಟ್ಟು. ಎಲ್ಲದಕ್ಕೂ ಒಂದೇ ಫೇಸ್ (ಅಲೆಯ ಓಲಾಟದ ಹಂತ) ಕೊಟ್ಟರೆ ಅಲೆಗಳು ನೇರ ಮುಂದೆ ಒಟ್ಟುಗೂಡುತ್ತವೆ. ಅರ್ಧ ತರಂಗದೂರದ ಅಂತರದಲ್ಲಿ ಪಕ್ಕದ ಪ್ರತಿ ಎಲಿಮೆಂಟ್‌ಗೂ 90 ಡಿಗ್ರಿ ಫೇಸ್ ತಡ ಮಾಡಿದರೆ ಅವು ಒಟ್ಟುಗೂಡುವ ದಿಕ್ಕು 30 ಡಿಗ್ರಿ ಪಕ್ಕಕ್ಕೆ ಸರಿಯುತ್ತದೆ. ಲೆಕ್ಕ ಸುಲಭ: 180ನ್ನು ಕೋನದ ಸೈನ್‌ನಿಂದ ಗುಣಿಸಿದರೆ ಬೇಕಾದ ಫೇಸ್ ವ್ಯತ್ಯಾಸ ಸಿಗುತ್ತದೆ.

64 ಎಲಿಮೆಂಟ್ ಇದ್ದರೆ ಒಂದರ ಗೇನ್ ಮೇಲೆ 18 ಡಿಬಿ ಹೆಚ್ಚಳ. ಪ್ಯಾಚ್ ಒಂದಕ್ಕೆ 5 ಡಿಬಿಐ ಹಿಡಿದರೆ ಒಟ್ಟು 23. ಪ್ರತಿ ಎಲಿಮೆಂಟ್ ಹಿಂದೆ 10 ಡಿಬಿಎಂ ಅಂದರೆ 10 ಮಿಲಿವ್ಯಾಟ್‌ನ ಪುಟ್ಟ ಆಂಪ್ಲಿಫೈಯರ್ ಇದ್ದರೆ ಪವರ್ ಕೂಡ 18 ಡಿಬಿ ಕೂಡಿಕೊಂಡು 28 ಡಿಬಿಎಂ ಆಗುತ್ತದೆ. ಎರಡೂ ಸೇರಿ ಬೀಮ್‌ನ ದಿಕ್ಕಿನಲ್ಲಿ 51 ಡಿಬಿಎಂ. ಅರೇಯ ನಿಜವಾದ ಮಜಾ ಇರುವುದು ಇಲ್ಲೇ: ಎಲಿಮೆಂಟ್ ಎರಡು ಪಟ್ಟಾದರೆ ಫಲ ನಾಲ್ಕು ಪಟ್ಟು.

ಆದರೆ ಬದಿಗೆ ತಿರುಗಿಸಿದಷ್ಟೂ ಎದುರಿನಿಂದ ಕಾಣುವ ವಿಸ್ತೀರ್ಣ ಕುಗ್ಗುತ್ತದೆ. 60 ಡಿಗ್ರಿಯಲ್ಲಿ ಅದು ಅರ್ಧ, ಅಂದರೆ 3 ಡಿಬಿ. ಎಲಿಮೆಂಟಿನ ಪ್ಯಾಟರ್ನ್, ಅಕ್ಕಪಕ್ಕದವುಗಳ ಜೊತೆಗಿನ ಕಪ್ಲಿಂಗ್ ಸೇರಿ ಅದಕ್ಕಿಂತ ಜಾಸ್ತಿಯೇ ಹೋಗುತ್ತದೆ.

ಎಲಿಮೆಂಟ್ ನಡುವೆ ಅರ್ಧ ತರಂಗದೂರವೇ ಯಾಕೆ? ಜಾಗ ಸಾಲ್ತಾ ಇಲ್ಲ.

ಅಂತರ ಹೆಚ್ಚಾದರೆ ಬೇಡದ ದಿಕ್ಕಿನಲ್ಲೂ ಅಲೆಗಳು ಸರಿಯಾಗಿ ಒಟ್ಟುಗೂಡಿ, ಮುಖ್ಯ ಬೀಮ್‌ನಷ್ಟೇ ದೊಡ್ಡ ಗ್ರೇಟಿಂಗ್ ಲೋಬ್ ಏಳುತ್ತದೆ. 0.7 ತರಂಗದೂರ ಇಟ್ಟರೆ 25 ಡಿಗ್ರಿ ದಾಟಿದ ಕೂಡಲೇ ಅದು ಹಾಜರ್. ನಿಮಗೆ 20 ಡಿಗ್ರಿ ತಿರುಗಿದರೆ ಸಾಕು ಎಂದಾದರೆ 0.7 ಇಡಿ, ಚಿಪ್‌ಗೂ ಜಾಗ ಸಿಗುತ್ತದೆ. ಲೆಕ್ಕವನ್ನು ಬ್ಯಾಂಡ್‌ನ ಅತಿ ಮೇಲಿನ ಫ್ರೀಕ್ವೆನ್ಸಿಗೆ ಹಾಕಿ. 26.5ರಿಂದ 29.5 ಗಿಗಾಹರ್ಟ್ಸ್ ಬ್ಯಾಂಡ್‌ಗೆ ಅರ್ಧ ತರಂಗದೂರ ಎಂದರೆ 5.08 ಮಿ.ಮೀ.

ಬ್ಯಾಂಡ್‌ನ ಅಂಚಿಗೆ ಹೋದ್ರೆ ಬೀಮ್ ಪಕ್ಕಕ್ಕೆ ಜಾರುತ್ತೆ. ಹೀಗಾಗಬೇಕಾ?

ಫೇಸ್ ಶಿಫ್ಟರ್ ಬಳಸಿದರೆ ಹಾಗಾಗಲೇಬೇಕು. ಫೇಸ್ ಅಷ್ಟೇ ಉಳಿದು ತರಂಗದೂರ ಬದಲಾದರೆ ದಿಕ್ಕೂ ಬದಲಾಗುತ್ತದೆ. 28 ಗಿಗಾಹರ್ಟ್ಸ್‌ನಲ್ಲಿ 45 ಡಿಗ್ರಿಗೆ ಇಟ್ಟ ಬೀಮ್ 26.5ರಲ್ಲಿ 48.3ಕ್ಕೆ, 29.5ರಲ್ಲಿ 42.2ಕ್ಕೆ ನಿಲ್ಲುತ್ತದೆ. ಒಂದು ಸಾಲಿನಲ್ಲಿ 8 ಎಲಿಮೆಂಟ್ ಇದ್ದಾಗ ಬೀಮ್ ಅಲ್ಲಿ ಸುಮಾರು 18 ಡಿಗ್ರಿ ಅಗಲ, ಚಿಂತೆ ಇಲ್ಲ. 32 ಇದ್ದರೆ ಅಗಲ ಬರೀ 4.5 ಡಿಗ್ರಿ, ಅಂಚಿನಲ್ಲಿ ಲಿಂಕ್ ಸೊರಗುತ್ತದೆ. ಆಗ ಫೇಸ್ ಬದಲು ನಿಜವಾದ ಸಮಯದ ತಡವನ್ನೇ ಕೊಡಬೇಕು. ಸಾಲನ್ನು ತುಂಡು ಮಾಡಿ, ಪ್ರತಿ ತುಂಡಿಗೆ ಒಂದೊಂದು ಡಿಲೇ ಕೊಡುವುದು ರೂಢಿ.

ದೂರದ ಲಿಂಕ್‌ಗೆ ಡಿಶ್ ಹಾಕೋದಾ, ಅರೇ ಹಾಕೋದಾ?

ಎರಡೂ ತುದಿ ಅಲುಗದಿದ್ದರೆ ಡಿಶ್. ಸರಳ, ಅಗ್ಗ, ಲಾಸ್ ಕಡಿಮೆ. 60 ಸೆಂ.ಮೀ. ಡಿಶ್ 12 ಗಿಗಾಹರ್ಟ್ಸ್‌ನಲ್ಲಿ ಶೇಕಡಾ 60 ಎಫಿಶಿಯೆನ್ಸಿಗೆ 35 ಡಿಬಿಐ ಕೊಡುತ್ತದೆ, ಬೀಮ್ ಸುಮಾರು 3 ಡಿಗ್ರಿ. ಮೇಲ್ಮೈ ನಯವಾಗಿರಬೇಕು. ಏರಿಳಿತದ ಸರಾಸರಿ ತರಂಗದೂರದ 32ನೇ ಒಂದು ಭಾಗ ಇದ್ದರೆ 0.7 ಡಿಬಿ ನಷ್ಟ, 16ನೇ ಒಂದು ಭಾಗಕ್ಕೆ ಬಂದರೆ 2.7 ಡಿಬಿ. ಚಲಿಸುವವರನ್ನು ಹಿಂಬಾಲಿಸಬೇಕಾದರೆ ಅಥವಾ ಒಂದೇ ಸಲ ಹಲವರ ಜೊತೆ ಮಾತಾಡಬೇಕಾದರೆ ಮಾತ್ರ ಅರೇ.

ಮಿಲಿಮೀಟರ್ ವೇವ್ 5ಜಿಗೋಸ್ಕರ ಹೊಸದಾಗಿ ಕಂಡುಹಿಡಿದಿದ್ದಾ?

ಅಲ್ಲ. ಜಗದೀಶ ಚಂದ್ರ ಬೋಸ್ 1890ರ ದಶಕದಲ್ಲೇ ಕಲ್ಕತ್ತಾದಲ್ಲಿ 5 ಮಿ.ಮೀ.ವರೆಗಿನ ಅಲೆಗಳ ಮೇಲೆ ಪ್ರಯೋಗ ಮಾಡುತ್ತಿದ್ದರು, ಅಂದರೆ 60 ಗಿಗಾಹರ್ಟ್ಸ್. ಇವತ್ತು ನಾವು ಹಾರ್ನ್ ಎನ್ನುವ ಕೊಳವೆಯಾಕಾರದ ಆಂಟೆನಾ ಅವರ ಸಲಕರಣೆಯಲ್ಲಿತ್ತು. 1897ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವನ್ನು ತೋರಿಸಿದರು. ಈಗ ಹೊಸದು ಎಂದರೆ ಆ ಫ್ರೀಕ್ವೆನ್ಸಿಯ ಆಂಪ್ಲಿಫೈಯರ್, ಫೇಸ್ ಶಿಫ್ಟರ್‌ಗಳನ್ನು ಅಗ್ಗದ ಸಿಲಿಕಾನ್ ಚಿಪ್‌ನಲ್ಲಿ ಕೂರಿಸಿರುವುದು.

ಈ ಅಲೆಗಳು ಮೈಗೆ ಅಪಾಯ ಅಲ್ವಾ?

ಇವು ಅಣುಗಳಿಂದ ಎಲೆಕ್ಟ್ರಾನ್ ಕಿತ್ತು ಅಯಾನೀಕರಿಸುವಷ್ಟು ಶಕ್ತಿಯ ಅಲೆಗಳಲ್ಲ, ಖಚಿತವಾಗಿ ಗೊತ್ತಿರುವ ಪರಿಣಾಮ ಬಿಸಿ. 60 ಗಿಗಾಹರ್ಟ್ಸ್ ಅಲೆ ಚರ್ಮದೊಳಗೆ ಅರ್ಧ ಮಿಲಿಮೀಟರ್ ಆಸುಪಾಸು ಇಳಿಯುವುದರಲ್ಲಿ ಬಹುಪಾಲು ಹೀರಲ್ಪಡುತ್ತದೆ. ಹಾಗಾಗಿ ಇಂಥ ಅಲೆಗಳಿಂದ ರಕ್ಷಣೆಗೆಂದು ಇರುವ ಅಂತರರಾಷ್ಟ್ರೀಯ ಆಯೋಗ ಐಸಿಎನ್‌ಐಆರ್‌ಪಿಯ 2020ರ ಮಾರ್ಗಸೂಚಿ 6 ಗಿಗಾಹರ್ಟ್ಸ್ ಮೇಲೆ ಮೈಯ ಒಂದು ಭಾಗದ ಮಿತಿಯನ್ನು ಕಿಲೋ ತೂಕಕ್ಕೆ ಇಷ್ಟು ಎನ್ನದೆ ಚರ್ಮದ ವಿಸ್ತೀರ್ಣಕ್ಕೆ ಇಷ್ಟು ಎಂದು ಹಾಕುತ್ತದೆ. ಡಿಸೈನ್ ಮಾಡುವವರಿಗೆ ಇದರ ಅರ್ಥ, ಫೋನಿನಲ್ಲಿ ಬೀಮ್ ಮೈಯತ್ತ ಇದ್ದಾಗ ಪವರ್ ಇಳಿಸುವ ಏರ್ಪಾಡು ಇರಬೇಕು.

ಇಷ್ಟೆಲ್ಲ ಕಷ್ಟ ಯಾಕೆ? ಕಂಪ್ಯೂಟರ್ರೇ ಆಂಟೆನಾ ಡಿಸೈನ್ ಮಾಡಲ್ವಾ?

ಮಾಡುತ್ತದೆ, ಹೊಸತೂ ಅಲ್ಲ. 2006ರಲ್ಲಿ ನಾಸಾ ಹಾರಿಸಿದ ಎಸ್‌ಟಿ-5 ಎಂಬ ಪುಟ್ಟ ಉಪಗ್ರಹಗಳ ಮೇಲೆ ವಿಕಾಸದ ನಿಯಮದಂತೆ ತಲೆಮಾರು ತಲೆಮಾರಾಗಿ ಸುಧಾರಿಸುವ ಪ್ರೋಗ್ರಾಂ ಒಂದು ರೂಪಿಸಿದ ಆಂಟೆನಾ ಇತ್ತು. ನೋಡಲು ಯಾರೋ ಬೇಸರದಲ್ಲಿ ಅಡ್ಡಾದಿಡ್ಡಿ ಬಗ್ಗಿಸಿದ ಪೇಪರ್ ಕ್ಲಿಪ್ಪಿನ ಹಾಗೆ. ಯಾವ ಎಂಜಿನಿಯರ್ರೂ ಹಾಗೆ ಬಿಡಿಸುತ್ತಿರಲಿಲ್ಲ.

ಆದರೆ ಪ್ರೋಗ್ರಾಂ ನೀವು ಕೇಳಿದ್ದನ್ನೇ ಕೊಡುತ್ತದೆ. ಎಸ್-11 ಮಾತ್ರ ಚೆನ್ನಾಗಿರಲಿ ಎಂದರೆ ಲಾಸ್ ಮಾಡುವ ಆಕಾರ ತಂದು ಮುಂದಿಡುತ್ತದೆ, ಹಾಗಾಗಿ ಗುರಿಯಲ್ಲಿ ಎಫಿಶಿಯೆನ್ಸಿ ಸೇರಿಸಿ. ತಯಾರಿಕೆಯ ಹೆಚ್ಚುಕಮ್ಮಿಯನ್ನೂ ಸೇರಿಸಿ. ಬೋರ್ಡ್ ಕೊರೆಯುವಾಗ 50 ಮೈಕ್ರಾನ್ ತಪ್ಪಾಯಿತು ಎನ್ನಿ. ಮೇಲಿನ 2.45 ಗಿಗಾಹರ್ಟ್ಸ್ ಪ್ಯಾಚ್‌ನಲ್ಲಿ ಅದು ಬರೀ 4 ಮೆಗಾಹರ್ಟ್ಸ್. 60 ಗಿಗಾಹರ್ಟ್ಸ್ ಪ್ಯಾಚ್‌ನಲ್ಲಿ ಅದೇ 50 ಮೈಕ್ರಾನ್ ಎಂದರೆ ಸುಮಾರು 2 ಗಿಗಾಹರ್ಟ್ಸ್ ಆಚೆ. ಬಂದ ಉತ್ತರದ ಪ್ರತಿ ಅಳತೆಯನ್ನೂ ಅಷ್ಟಷ್ಟು ಅಲುಗಾಡಿಸಿ ಮತ್ತೆ ಓಡಿಸಿ, ಆಗಲೂ ನಿಲ್ಲುವ ಡಿಸೈನನ್ನೇ ಬೋರ್ಡಿಗೆ ಕಳಿಸಿ.